ಸೂಕ್ಷ್ಮ ಶಸ್ತ್ರಕ್ರಿಯೆಯೂ ಹೆಪ್ಪುಗಟ್ಟುವ ರಕ್ತವೂ



1965ರಲ್ಲಿ ಜಪಾನಿನ ನಾರಾ ಪ್ರಾಂತ್ಯದಲ್ಲಿ ಕೊಮಾತ್ಸು ಮತ್ತು ತಮಾಯಿ ಎಂಬ ಶಸ್ತ್ರವೈದ್ಯರೀರ್ವರು, ಕೈಯಿಂದ ಪೂರ್ಣವಾಗಿ ಬೇರ್ಪಟ್ಟಿದ್ದ ಹೆಬ್ಬೆರಳೊಂದನ್ನು ಸೂಕ್ಷ್ಮದರ್ಶಕದ ನೆರವಿನಿಂದ ಮರಳಿ ಜೋಡಿಸಿ ಬದುಕಿಸಿದರು. ಒಂದೆರಡು ಮಿಲಿಮೀಟರ್ ವ್ಯಾಸದ ರಕ್ತನಾಳಗಳನ್ನು ಕೂದಲಿಗಿಂತಲೂ ತೆಳುವಾದ ನೈಲಾನ್ ದಾರದಿಂದ ಹೊಲಿಯುವ ಆ ವಿದ್ಯೆ ಇಂದು ಲೋಕದಲ್ಲೆಲ್ಲ ಹಬ್ಬಿದೆ. ಆದರೆ ಹೊಲಿಗೆ ಮುಗಿದಲ್ಲಿಗೆ ವೈದ್ಯನ ಚಿಂತೆ ಮುಗಿಯದು. ಆ ಕಿರುನಾಳದಲ್ಲಿ ಸಾಸಿವೆಕಾಳಿನಷ್ಟು ರಕ್ತ ಹೆಪ್ಪುಗಟ್ಟಿದರೂ ಜೋಡಿಸಿದ ಅಂಗವು ನಿರ್ಜೀವವಾಗಬಹುದು.

ನಾಳದ ಒಳಮೈಯ ನುಣುಪಾದ ಪದರವು ಗಾಯಗೊಂಡು, ಅದರಡಿಯ ಕೊಲಾಜೆನ್ ಎಂಬ ತಂತು ರಕ್ತಕ್ಕೆ ತಾಗಿದೊಡನೆ, ಪ್ಲೇಟ್‌ಲೆಟ್‌ಗಳೆಂಬ ಕಿರುತಟ್ಟೆಗಳು ಅಲ್ಲಿ ಅಂಟಿಕೊಂಡು, ಥ್ರಾಂಬಾಕ್ಸೇನ್ ಎಂಬ ದ್ರವ್ಯವನ್ನು ಸ್ರವಿಸಿ ತಮ್ಮ ಸಂಗಾತಿಗಳನ್ನು ಕರೆಯುತ್ತವೆ. ಗಾಯವನ್ನು ಮುಚ್ಚಿ ಪ್ರಾಣ ಕಾಯುವ ಈ ಸ್ವಭಾವವೇ ಹೊಲಿದ ನಾಳಕ್ಕೆ ವಿಘ್ನವಾಗಿ ಪರಿಣಮಿಸುತ್ತದೆ.

ಈ ಕರೆಯನ್ನು ತಡೆಯುವ ಔಷಧಗಳಲ್ಲಿ ಆಸ್ಪಿರಿನ್ ಪ್ರಮುಖವಾದುದು. ಅದು ಕೆಲಸ ಮಾಡುವ ಬಗೆಯನ್ನು ಇಂಗ್ಲೆಂಡಿನ ಜಾನ್ ವೇನ್ 1971ರಲ್ಲಿ ತೋರಿಸಿಕೊಟ್ಟು, 1982ರಲ್ಲಿ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದರು. ಥ್ರಾಂಬಾಕ್ಸೇನ್ ತಯಾರಾಗಲು ಬೇಕಾದ ಕಿಣ್ವವನ್ನು ಆಸ್ಪಿರಿನ್ ಶಾಶ್ವತವಾಗಿ ನಿಷ್ಕ್ರಿಯಗೊಳಿಸುತ್ತದೆ. ಕೋಶಕೇಂದ್ರವಿಲ್ಲದ ಕಿರುತಟ್ಟೆಯು ಆ ಕಿಣ್ವವನ್ನು ಹೊಸದಾಗಿ ನಿರ್ಮಿಸಿಕೊಳ್ಳಲಾರದಾದುದರಿಂದ, ಏಳರಿಂದ ಹತ್ತು ದಿನಗಳ ತನ್ನ ಆಯುಷ್ಯವಿಡೀ ಥ್ರಾಂಬಾಕ್ಸೇನ್ ತಯಾರಿಸುವ ಶಕ್ತಿಯನ್ನು ಕಳೆದುಕೊಂಡೇ ಇರುತ್ತದೆ. ಅಲ್ಪ ಪ್ರಮಾಣದ ಮಾತ್ರೆ ಬಹುಕಾಲ ಫಲ ಕೊಡುವುದರ ಗುಟ್ಟು ಇದೇ.

ಹಾಗೆಂದು ಮಾತ್ರೆಯೊಂದನ್ನೇ ನಂಬಿ ಕುಳಿತುಕೊಳ್ಳುವಂತಿಲ್ಲ. ಅದರಿಂದ ರಕ್ತಸ್ರಾವ ಹೆಚ್ಚಿ, ಚರ್ಮದಡಿ ಮಡುಗಟ್ಟಿದ ರಕ್ತವೇ ನಾಳವನ್ನು ಹೊರಗಿನಿಂದ ಅದುಮಿಬಿಡಬಹುದು. ಯಾವ ಔಷಧ, ಎಷ್ಟು ಪ್ರಮಾಣ, ಎಷ್ಟು ದಿನ ಎಂಬಲ್ಲಿ ತಜ್ಞರಲ್ಲಿ ಏಕಾಭಿಪ್ರಾಯವೂ ಇಲ್ಲ. ರಕ್ತ ಹೆಪ್ಪುಗಟ್ಟುವ ಅಪಾಯವು ಮೊದಲ ಎರಡು ಮೂರು ದಿನಗಳಲ್ಲೇ ಅಧಿಕವಾದುದರಿಂದ, ದಾದಿಯರು ಗಂಟೆಗಂಟೆಗೂ ಅಂಗದ ಬಣ್ಣವನ್ನೂ ಬಿಸುಪನ್ನೂ ಪರೀಕ್ಷಿಸುತ್ತಾರೆ: ಬಿಳಿಚಿ ತಣ್ಣಗಾದರೆ ರಕ್ತ ತರುವ ಅಪಧಮನಿಗೂ, ಊದಿ ನೀಲಿಗಟ್ಟಿದರೆ ರಕ್ತ ಒಯ್ಯುವ ಅಭಿಧಮನಿಗೂ ತಡೆಯುಂಟಾಗಿದೆಯೆಂದು ಶಂಕಿಸಿ, ವಿಳಂಬಿಸದೆ ರೋಗಿಯನ್ನು ಶಸ್ತ್ರಚಿಕಿತ್ಸಾಗೃಹಕ್ಕೆ ಮರಳಿ ಒಯ್ಯುವುದೇ ಅಂಗವನ್ನು ಉಳಿಸುವ ದಾರಿ. ರೋಗಿಯಾದವನು ಧೂಮಪಾನವನ್ನು ವರ್ಜಿಸಬೇಕು. ವೈದ್ಯರನ್ನು ಕೇಳದೆ ಆಸ್ಪಿರಿನ್ನನ್ನು ತೊಡಗಲೂ ಬಾರದು, ಬಿಡಲೂ ಬಾರದು. ಔಷಧವು ಒಳ್ಳೆಯ ಹೊಲಿಗೆಗೆ ಬೆಂಬಲವಾದೀತೇ ಹೊರತು, ಕೆಟ್ಟ ಹೊಲಿಗೆಯ ದೋಷವನ್ನು ಅಳಿಸಲಾರದು.