ಒಂದು ದಿನದ ಚಿತ್ರ, ಬಹುದಿನದ ಸಾಕ್ಷ್ಯ



ನಿಮ್ಮ ತಾಲ್ಲೂಕು ಕೇಂದ್ರ ಸವಣೂರಿನಲ್ಲಿ 2010ರ ಜುಲೈ ತಿಂಗಳಲ್ಲಿ ಭಂಗಿ ಸಮುದಾಯದವರು ಪುರಸಭೆಯ ಎದುರು ಮೈಮೇಲೆ ಮಲ ಸುರಿದುಕೊಂಡದ್ದು ಹಲವರಿಗೆ ನೆನಪಿರಬಹುದು. ತಲೆಮಾರುಗಳಿಂದ ಊರಿನ ಹೊಲಸು ಹೊತ್ತವರು ಅವರು. ವಾಸದ ಜಾಗದಿಂದ ತಮ್ಮನ್ನು ಎಬ್ಬಿಸುತ್ತಾರೆಂದಾಗ ಅದೇ ಹೊಲಸನ್ನು ಅಹವಾಲು ಮಾಡಿಕೊಂಡರು. ನಾಡು ಬೆಚ್ಚಿತು, ಪತ್ರಿಕೆಗಳು ಫೋಟೊ ಹಾಕಿದವು. ಫೋಟೊದ ಕೆಲಸ ಅಲ್ಲಿಗೆ ಮುಗಿಯಿತು. ಮಲ ಹೊರಿಸುವುದನ್ನು ನಿಷೇಧಿಸಿದ ಕಾಯ್ದೆ 1993ರಲ್ಲೇ ಬಂದಿತ್ತಲ್ಲ, 17 ವರ್ಷಗಳ ಮೇಲೂ ಇದೇಕೆ ಎಂಬುದನ್ನು ಅದು ಹೇಳಲಾರದು.

ಸಾಕ್ಷ್ಯಚಿತ್ರ ಬೇಕಾಗುವುದು ಇಲ್ಲಿಯೇ. ಕೆ. ಸ್ಟಾಲಿನ್ ಅವರ ‘ಲೆಸ್ಸರ್ ಹ್ಯೂಮನ್ಸ್’ (1998) ಗುಜರಾತಿನ ಭಂಗಿಗಳ ದಿನನಿತ್ಯದ ಕೆಲಸವನ್ನೇ ತೋರಿಸುತ್ತದೆ. ದಿವ್ಯಭಾರತಿಯವರ ತಮಿಳು ಚಿತ್ರ ‘ಕಕ್ಕೂಸ್’ (2017) — ಈ ಹೆಸರಿನ ಅರ್ಥವನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಿಲ್ಲ — 2013ರ ಬಿಗಿಯಾದ ಕಾಯ್ದೆಯ ನಂತರವೂ ಬರಿಗೈಯಲ್ಲಿ ಮಲ ಬಳಿಯುವವರನ್ನೂ, ಗುಂಡಿಗಿಳಿದು ಸತ್ತವರ ಮನೆಯವರನ್ನೂ ಮಾತನಾಡಿಸುತ್ತದೆ. ಈ ಕೆಲಸಕ್ಕೆ ಅದೇ ಜಾತಿಗಳವರೇ ಏಕೆ ಎಂದು ಬಿಡದೆ ಕೇಳುತ್ತದೆ. ಪ್ರದರ್ಶನಗಳಿಗೆ ಪೊಲೀಸರು ಅಡ್ಡಿಪಡಿಸಿದಾಗ ಚಿತ್ರ ಯೂಟ್ಯೂಬ್ ಹತ್ತಿತು. ತಡೆದದ್ದರಿಂದ ನೋಡುವವರು ಹೆಚ್ಚಿದರೇ ಹೊರತು ಕಡಿಮೆಯಾಗಲಿಲ್ಲ.

ಸವಣೂರಿನವರು ಕೇಳಿದ್ದು ಕನಿಕರವನ್ನಲ್ಲ, ಇರಲು ಜಾಗವನ್ನು. ಅಂಥ ಕ್ಯಾಮೆರಾ ಸವಣೂರಿಗೆ ಬಂದರೆ ಪುರಸಭೆಯ ಮುಂದೆ ನಿಲ್ಲದೆ ನೇರವಾಗಿ ಅವರ ಮನೆಬಾಗಿಲಿಗೆ ಹೋಗಬೇಕು.