ಗೋಡೆಯಿಲ್ಲದ ಸೆರೆಮನೆಗೆ ಪ್ರವಾಸಿ ಬಂದಾಗ



ಜೈಲು ಎಂದೊಡನೆ ಕಣ್ಣ ಮುಂದೆ ಬರುವುದು ಎತ್ತರದ ಗೋಡೆ, ಕಬ್ಬಿಣದ ಸರಳು, ಬಂದೂಕು ಹಿಡಿದ ಕಾವಲುಗಾರ. ಪ್ರವಾಸಿಗರು ನೋಡುವ ಜೈಲೆಂದರೆ ಅಂಡಮಾನಿನ ಸೆಲ್ಯುಲರ್ ಜೈಲು ನೆನಪಾದೀತು. ಆದರೆ ಅದೀಗ ಸ್ಮಾರಕ, ಅಲ್ಲಿ ಕೈದಿಗಳಿಲ್ಲ. ಕೈದಿಗಳು ಶಿಕ್ಷೆ ಅನುಭವಿಸುತ್ತಿರುವಾಗಲೇ ಪ್ರವಾಸಿಗರನ್ನು ಒಳಗೆ ಬಿಟ್ಟುಕೊಂಡು ಹೆಸರಾದದ್ದು ಫಿಲಿಪ್ಪೀನ್ಸ್ ದೇಶದ ಇವಾಹಿಗ್. ಪಲಾವನ್ ದ್ವೀಪದ ಪುಯೆರ್ತೊ ಪ್ರಿನ್ಸೆಸಾ ನಗರದ ಸಮೀಪ ಇಪ್ಪತ್ತು ಸಾವಿರ ಹೆಕ್ಟೇರಿಗೂ ಮಿಗಿಲಾದ ಜಮೀನಿನಲ್ಲಿ ಹರಡಿಕೊಂಡ ಬಯಲು ಬಂದೀಖಾನೆ ಇದು.

ಇದರ ಆರಂಭ 1904ರಲ್ಲಿ. ಆಗ ಆ ದೇಶ ಅಮೆರಿಕದ ಆಳ್ವಿಕೆಯಲ್ಲಿತ್ತು. ಮನಿಲಾದ ಬಿಲಿಬಿಡ್ ಜೈಲು ಕಿಕ್ಕಿರಿದು ತುಂಬಿತ್ತು. ಕೈದಿಗಳನ್ನು ಮಲೇರಿಯಾ ಕಾಡುತ್ತಿದ್ದ ಈ ಅರಣ್ಯಕ್ಕೆ ಸಾಗಿಸಿ, ಕಾಡು ಕಡಿದು ಬೇಸಾಯ ಮಾಡಲು ಹಚ್ಚಲಾಯಿತು. ಇಂದು ಸುಂದರವಾಗಿ ಕಾಣುವ ಗದ್ದೆಗಳ ಹಿಂದೆ ಅವರ ಸಂಕಟವಿದೆ ಎಂಬುದನ್ನು ಮರೆಯುವಂತಿಲ್ಲ.

ಹೊರಗಿನಿಂದ ಬಂದವನಿಗೆ ಇಲ್ಲಿ ಮೊದಲು ಕಾಣುವುದು ಕಾವಲು ಠಾಣೆ. ಆಮೇಲೆ ರಸ್ತೆಯ ಇಬ್ಬದಿಗೂ ಭತ್ತದ ಗದ್ದೆ, ತೆಂಗಿನ ಮರ. ಗದ್ದೆಯಲ್ಲಿ ದುಡಿಯುವವರು ರೈತರಲ್ಲ, ಕೈದಿಗಳು. ಯಾರು ಎಂಥವರೆಂದು ತಿಳಿಯಲು ಅಂಗಿಯ ಬಣ್ಣ ನೋಡಬೇಕು. ಕಂದು ಅಂಗಿಯವರಿಗೆ ಕಾವಲು ಕಡಿಮೆ, ನೀಲಿಯವರಿಗೆ ಮಧ್ಯಮ, ಕಿತ್ತಳೆಯವರಿಗೆ ಬಿಗಿ. ಅಂದರೆ ಇಲ್ಲಿಯೂ ಎಲ್ಲರಿಗೂ ಒಂದೇ ಬಗೆಯ ಸ್ವಾತಂತ್ರ್ಯವಿಲ್ಲ. 1924ರ ಮರದ ಸಭಾಂಗಣದಲ್ಲಿ ಕೈದಿಗಳು ಕೆತ್ತಿದ ಸಾಮಾನು, ಕೀ ಚೈನುಗಳನ್ನು ಮಾರುತ್ತಿದ್ದುದನ್ನೂ, ಪ್ರವಾಸಿಗರ ಮುಂದೆ ನೃತ್ಯ ಮಾಡುತ್ತಿದ್ದುದನ್ನೂ ಕಂಡವರು ಅನೇಕರು.

ಇವರು ಓಡಿಹೋಗುವುದಿಲ್ಲವೇ? ಓಡಿಹೋದವರೂ ಉಂಟು. ಆದರೆ ಸುತ್ತ ಕಡಲು. ಅದಕ್ಕಿಂತ ಬಲವಾದುದು ಸನ್ನಡತೆಯ ಲೆಕ್ಕ. ನಿಗದಿತ ಕಾಲ ಒಳ್ಳೆಯ ನಡತೆ ತೋರಿದವನಿಗೆ ‘ಕಾಲನಿಸ್ಟ್’ ಎಂಬ ದರ್ಜೆ. ಅದರೊಂದಿಗೆ ಶಿಕ್ಷೆಯಲ್ಲಿ ಹೆಚ್ಚಿನ ರಿಯಾಯಿತಿ, ಹೆಂಡತಿ ಮಕ್ಕಳೊಡನೆ ವಾಸಿಸುವ ಅವಕಾಶ. ಕಳೆದುಕೊಳ್ಳಲು ಏನಾದರೂ ಇರುವವನು ಓಡುವ ಮುನ್ನ ಯೋಚಿಸುತ್ತಾನೆ.

ಈ ವಿಚಾರ ನಮಗೂ ಹೊಸದಲ್ಲ. ಬೆಂಗಳೂರಿನ ಸರ್ಕಾರಿ ವಿದ್ಯುತ್ ಕಾರ್ಖಾನೆಯಲ್ಲಿದ್ದ ಪೋಲೆಂಡಿನ ಎಂಜಿನಿಯರ್ ಮಾರಿಸ್ ಫ್ರೈಡ್‌ಮನ್ ಮುಂದೆ ಔಂಧ್ ಸಂಸ್ಥಾನಕ್ಕೆ ಹೋದರು. 1939ರಲ್ಲಿ, ಇಂದಿನ ಸಾಂಗ್ಲಿ ಜಿಲ್ಲೆಯ ಆಟಪಾಡಿ ಬಳಿ, ಅವರ ಪ್ರೇರಣೆಯಿಂದ ಕೈದಿಗಳ ಸ್ವತಂತ್ರಪುರ ವಸಾಹತು ಹುಟ್ಟಿತು. ವಿ. ಶಾಂತಾರಾಂ ಅವರ 1957ರ ‘ದೋ ಆಂಖೇಂ ಬಾರಹ್ ಹಾಥ್’ ಚಿತ್ರಕ್ಕೆ ಇದೇ ಸ್ಫೂರ್ತಿ. ದೇವನಹಳ್ಳಿ ತಾಲ್ಲೂಕಿನ ಕೋರಮಂಗಲದಲ್ಲಿ ನಮ್ಮ ರಾಜ್ಯದ್ದೇ ಬಯಲು ಬಂದೀಖಾನೆಯಿದೆ.

ಆದರೆ ನಂಬಿಕೆ ಇಡುವುದು ಬೇರೆ, ಪ್ರದರ್ಶನಕ್ಕೆ ಇಡುವುದು ಬೇರೆ. ಕೈದಿಯಿಂದ ಒಂದು ಕೆತ್ತನೆ ಕೊಂಡರೆ ಅವನ ಕೈಗೆ ನಾಲ್ಕು ಕಾಸು ಸೇರೀತು. ಅವನ ಮುಖಕ್ಕೆ ಕ್ಯಾಮೆರಾ ಹಿಡಿದರೆ? ಬೇಡವೆನ್ನುವ ಧೈರ್ಯ ಶಿಕ್ಷೆಯಲ್ಲಿರುವವನಿಗೆ ಎಲ್ಲಿಂದ ಬರಬೇಕು? ಅವನಿಂದ ನೊಂದ ಕುಟುಂಬವೂ ಎಲ್ಲೋ ಇದೆ. ಆ ಚಿತ್ರ ಅವರ ಕಣ್ಣಿಗೂ ಬೀಳಬಹುದು.

ಆದ್ದರಿಂದ ಇಂಥಲ್ಲಿಗೆ ಹೋಗುವವರು ಮೃಗಾಲಯಕ್ಕೆ ಹೋದಂತೆ ಹೋಗಬಾರದು. ಕೇಳಿ ಮಾತಾಡಿಸಬೇಕು, ಕೇಳಿಯೇ ಚಿತ್ರ ತೆಗೆಯಬೇಕು. ಗೋಡೆ ತೆಗೆದು ಸರ್ಕಾರ ಒಬ್ಬನನ್ನು ಮನುಷ್ಯನೆಂದು ಒಪ್ಪಿಕೊಂಡಿದೆ. ನೋಡಲು ಹೋದವರೂ ಅಷ್ಟನ್ನು ಒಪ್ಪಿಕೊಂಡರೆ ಸಾಕು.