ವಿಮಾನದ ಸದ್ದು, ನಮ್ಮ ಕಿವಿ

ನಾನು ಭಾಷಣಗಾರ ಅಲ್ಲ, ಸರ್ಕಾರಿ ಐಟಿಐ ಮುಗಿಸಿದ ಎಲೆಕ್ಟ್ರಿಷಿಯನ್. ಗೊತ್ತಿರೋ ಒಂದು ವಿಷಯ ಹೇಳ್ತೀನಿ.

ಮೊದಲ ಸಲ ಕೌಲಾಲಂಪುರಕ್ಕೆ ಬಂದಾಗ ಕೂತದ್ದು ಏರ್‌ಬಸ್ ಎ320ರಲ್ಲಿ. ಹೊರಡೋ ಮುಂಚೆ ಕಾಲಡಿಯಿಂದ ನಾಯಿ ಬೊಗಳಿದ ಹಾಗೆ ಸದ್ದು ಬಂತು. ಯಾವುದೋ ಬೇರಿಂಗ್ ಹೋಗಿದೆ ಅಂದುಕೊಂಡೆ. ಕೇಳೋಕೆ ನಾಚಿಕೆ. ದಾರಿಯುದ್ದಕ್ಕೂ ಸೀಟು ಬಿಗಿಹಿಡಿದು ಕೂತಿದ್ದೆ. ಆಮೇಲೆ ತಿಳೀತು: ನೆಲದ ಮೇಲೆ ಒಂದೇ ಎಂಜಿನ್ ಓಡುವಾಗ ಎರಡು ಹೈಡ್ರಾಲಿಕ್ ಲೈನುಗಳ ಒತ್ತಡದಲ್ಲಿ ವ್ಯತ್ಯಾಸ ಬರುತ್ತೆ. ಅದನ್ನು ಸರಿದೂಗಿಸೋ ಪಂಪಿನ ಸದ್ದೇ ಹಾಗೆ. ಏನೂ ಕೆಟ್ಟಿರಲಿಲ್ಲ.

ಹಾಗಾದರೆ ಕೆಲವು ವಿಮಾನಗಳು ಮಾತ್ರ ಜಾಸ್ತಿ ಸದ್ದು ಮಾಡೋದು ಯಾಕೆ? ನಮ್ಮ ಫ್ಯಾನುಗಳನ್ನೇ ನೋಡಿ. ಸೀಲಿಂಗ್ ಫ್ಯಾನ್ ಅಗಲ, ನಿಧಾನ ತಿರುಗುತ್ತೆ. ಕೆಳಗೆ ಆರಾಮಾಗಿ ಮಲಗಬಹುದು. ಅಡುಗೆಮನೆಯ ಎಗ್ಸಾಸ್ಟ್ ಫ್ಯಾನ್ ಚಿಕ್ಕದು, ಜೋರಾಗಿ ತಿರುಗುತ್ತೆ. ಪಕ್ಕದವರ ಮಾತೂ ಕೇಳಿಸಲ್ಲ. ಜೆಟ್ ಎಂಜಿನ್ನೂ ಗಾಳಿಯನ್ನು ಹಿಂದಕ್ಕೆ ತಳ್ಳಿಯೇ ವಿಮಾನವನ್ನು ಮುಂದೆ ಒಯ್ಯೋದು. ಹಳೇ ಎಂಜಿನುಗಳು ಸ್ವಲ್ಪ ಗಾಳಿಯನ್ನು ಭಾರೀ ವೇಗದಲ್ಲಿ ಉಗುಳುತ್ತಿದ್ದವು. ಅದು ಹೊರಗಿನ ಗಾಳಿಯ ಜೊತೆ ಕಲೆಯುವಾಗಲೇ ಆ ಗುಡುಗು. ಈಗಿನವು ದೊಡ್ಡ ಫ್ಯಾನಿನಿಂದ ಹೆಚ್ಚು ಗಾಳಿಯನ್ನು ಕಮ್ಮಿ ವೇಗದಲ್ಲಿ ತಳ್ಳುತ್ತವೆ. ಹಳೇ ಎ320ರ ಸಿಎಫ್‌ಎಂ56 ಎಂಜಿನ್ನಿನ ಫ್ಯಾನ್ ಸುಮಾರು 1.73 ಮೀಟರ್ ಅಗಲ; ಎ320 ನಿಯೋದ ಲೀಪ್ ಎಂಜಿನ್ನಿನದು ಸುಮಾರು 1.98 ಮೀಟರ್. ಇಂಧನವೂ ಉಳೀತು, ಸದ್ದೂ ಇಳೀತು.

ಇಲ್ಲಿ ಸುಬಾಂಗಿನಿಂದ, ಅಲ್ಲಿ ನಮ್ಮ ಹುಬ್ಬಳ್ಳಿಯಿಂದ ಹಾರೋ ಎಟಿಆರ್ 72 ಬೇರೆ ಥರ. ಅದರ ಪ್ರೊಪೆಲರ್‌ಗೆ ಸುತ್ತ ಕವಚ ಇಲ್ಲ. ಅಲಗುಗಳ ಬಡಿತ ನೇರವಾಗಿ ವಿಮಾನದ ಮೈಗೆ ತಟ್ಟಿ, ಒಳಗೆಲ್ಲ ಗುಂಯ್ ಅನ್ನುತ್ತೆ. ಅದರಲ್ಲಿ ಪ್ರೊಪೆಲರ್ ಪಕ್ಕದ ಸಾಲು ಬಿಟ್ಟು ಹಿಂದೆ ಕೂರಿ. ರೆಕ್ಕೆ ಕೆಳಗೆ ಎಂಜಿನ್ ಇರೋ ಜೆಟ್‌ನಲ್ಲಾದರೆ ಮುಂದೆ ಕೂರಿ.

ವಿಮಾನದ ಸದ್ದು ನಾಲ್ಕು ಗಂಟೆಯದು. ನಮ್ಮ ಜನರೇಟರ್ ರೂಮಿನ ಸದ್ದು ದಿನಾ ಇದ್ದದ್ದೇ. ಎರಡು ವರ್ಷ ನಾನು ಇಯರ್ ಪ್ಲಗ್ ಇಲ್ಲದೆ ಅಲ್ಲಿ ಕೆಲಸ ಮಾಡಿದೆ. ಕೇಳೋಕೆ ಅವತ್ತೂ ನಾಚಿಕೆ. ಈಗ ಅಮ್ಮನ ಫೋನ್ ಬಂದರೆ ಎಡಗಿವಿಗೇ ಹಿಡೀಬೇಕು. ಬಲಗಿವಿಯಲ್ಲಿ ಯಾವಾಗಲೂ ಕುಂಯ್ ಅನ್ನೋ ಸದ್ದು. ಮಲೇಷ್ಯಾದಲ್ಲಿ 2019ರ ನಿಯಮದಂತೆ ದಿನದ ಕೆಲಸದಲ್ಲಿ ಕಿವಿಗೆ ಬೀಳೋ ಸದ್ದಿನ ಮಿತಿ 85 ಡೆಸಿಬಲ್. ಅದು ದಾಟಿದರೆ ಕಿವಿಗೆ ರಕ್ಷಣೆ ಕೊಡೋದು ಮಾಲೀಕರ ಹೊಣೆ.

ವಿಮಾನಕ್ಕೆ ಹೊಸ ಎಂಜಿನ್ ಹಾಕಬಹುದು, ಹೊಸ ಕಿವಿ ಯಾರೂ ಹಾಕಿಕೊಡಲ್ಲ. ನಾಳೆ ಸೈಟಿಗೆ ಹೋದಾಗ ಇಯರ್ ಪ್ಲಗ್ ಕೇಳಿ ತಗೊಳ್ಳಿ. ನನ್ನ ಹಾಗೆ ನಾಚಿಕೊಂಡು ಸುಮ್ಮನಿರಬೇಡಿ.